ಗಾಳೆಮ್ಮನ ಹೆಗಲ ಮೇಲಿನ ಕೈ

ಫೋಟೋದಲ್ಲಿ ಇಲ್ಲದ ಕೈಯೊಂದು ಅಕ್ಕಿ ಚೀಲದ ಮೇಲೆ ಕಾಣಿಸಿಕೊಂಡದ್ದೇ ಯಲ್ಲೇಶನ ಅಂದಿನ ಫಜೀತಿಗೆಲ್ಲ ಮೂಲ.

ಯಲ್ಲೇಶ್ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲಗಳಿಗೆ ಛಾಪು ಹಾಕುವವನು. ಗಿರಣಿಯ ಧಣಿ ದೊಡ್ಡಬಸಪ್ಪನಿಗೆ ತೀರಿಹೋದ ತನ್ನ ತಾಯಿ ಗಾಳೆಮ್ಮನ ಹೆಸರಿನಲ್ಲಿ ಹೊಸ ಅಕ್ಕಿ ಬಿಡಬೇಕು, ಚೀಲದ ಮೇಲೆ ಆಕೆಯ ಚಿತ್ರವಿರಬೇಕು ಎಂಬ ಆಸೆ. ಮನೆಯ ನಡುಕೋಣೆಯಲ್ಲಿ ತೂಗುಹಾಕಿದ್ದ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು ಕಳಿಸಿ, "ಮಧ್ಯಾಹ್ನ ಲಾರಿ ಹೊಂಡತೈತಿ, ಅಷ್ಟೊತ್ತಿಗೆ ಅವ್ವ ಚೀಲದ ಮ್ಯಾಲೆ ಕುಂತಿರಬೇಕು" ಎಂದು ಹೇಳಿ ಹೋಗಿದ್ದ.

ಹೇಳಿದಷ್ಟು ಸುಲಭವಲ್ಲ ಅದು. ಗಿರಣಿಯ ಇಂಕ್‌ಜೆಟ್ ಪ್ರಿಂಟರ್ ಭಾರಿ ಮಡಿಯದು. ತನ್ನ ಕಂಪನಿಯ ಮಸಿ ಬಿಟ್ಟು ಬೇರೆ ಮಸಿ ಕುಡಿಯದು, ತನ್ನ ಕಂಪನಿಯ ನಮೂನೆಯ ಫೈಲು ಬಿಟ್ಟು ಬೇರೆಯದನ್ನು ಮುಟ್ಟದು. ಯಾವ ಚಿತ್ರವೇ ಇರಲಿ, ಮೊದಲು ಬಣ್ಣವೆಲ್ಲ ಕಳಚಿಟ್ಟು ಬರೀ ಕಪ್ಪು ಬಿಳುಪಿನ ಚುಕ್ಕೆಗಳ ಬಿಟ್‌ಮ್ಯಾಪ್ ಆಗಬೇಕು. ಆಮೇಲೆ ಕಂಪನಿಯವರೇ ಕೊಟ್ಟ ಸಾಫ್ಟ್‌ವೇರಿನಲ್ಲಿ ಹಾಯ್ದು ಅವರದೇ ಫೈಲಾಗಿ ಹೊರಬರಬೇಕು. ಒಳಗೆ ಏನು ನಡೆಯಿತೆಂದು ಅದು ತೋರಿಸುವುದೂ ಇಲ್ಲ. ಹೆರಿಗೆ ಕೋಣೆಯ ಹೊರಗೆ ಕೂತ ಗಂಡನಂತೆ ಕಾಯಬೇಕು. ಚೀಲದ ಮೇಲೆ ಮೂಡಿದಾಗಲೇ ಮುಖ ಎಂಥದೆಂದು ಗೊತ್ತು.

ಮೊದಲ ಚೀಲ ಬೆಲ್ಟಿನ ಮೇಲೆ ಸಾಗಿ ಬಂತು. ಗಾಳೆಮ್ಮ ಚೆನ್ನಾಗಿಯೇ ಮೂಡಿದ್ದಳು. ಯಲ್ಲೇಶ್ ಇನ್ನೇನು ನಿಟ್ಟುಸಿರು ಬಿಡಬೇಕು, ಚೀಲದ ಬಾಯಿ ಹೊಲಿಯುವ ರೇಣುಕಮ್ಮ ಮೆಷಿನ್ ನಿಲ್ಲಿಸಿದಳು.

"ತಮ್ಮಾ, ಗಾಳೆಮ್ಮನ ಹಿಂದ ಯಾರು ನಿಂತಾರ?"

"ಯಾರೂ ಇಲ್ಲಕ್ಕ. ಒಬ್ಬಾಕಿನ ಕುಂತಾಳ."

"ಹಂಗಾದ್ರ ಈ ಕೈ ಯಾರ್ದು?"

ಯಲ್ಲೇಶ್ ಬಗ್ಗಿ ನೋಡಿದ. ಗಾಳೆಮ್ಮನ ಬಲ ಹೆಗಲ ಮೇಲೆ ನಾಲ್ಕು ಬೆರಳುಗಳು. ಹಿಂದೆ ನಿಂತವರು ಮೆಲ್ಲಗೆ ಕೈ ಇಟ್ಟ ಹಾಗೆ. ಓಡಿಹೋಗಿ ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿದ. ಹೆಗಲ ಮೇಲೆ ಸೆರಗಿತ್ತು, ಸೆರಗಿನ ಹಿಂದೆ ಬೂದು ಬಣ್ಣದ ಪರದೆಯಿತ್ತು. ಕೈ ಇರಲಿಲ್ಲ.

"ಚುಕ್ಕಿ ಹೆಚ್ಚುಕಮ್ಮಿ ಆಗ್ಯಾವ, ಅಷ್ಟ," ಎಂದ ಯಲ್ಲೇಶ್. ಯಾವ ಛಾಯೆ ಕಪ್ಪಾಗಬೇಕು, ಯಾವುದು ಬಿಳುಪಾಗಬೇಕು ಎಂಬ ಅಳತೆಯನ್ನು ತುಸು ಬದಲಿಸಿ ಮತ್ತೊಂದು ಚೀಲ ಬಿಟ್ಟ. ಈ ಸಲ ಕೈ ಮಣಿಕಟ್ಟಿನವರೆಗೆ ಬಂತು. ಮಣಿಕಟ್ಟಿನಲ್ಲಿ ಬಳೆಗಳಿದ್ದವು. ಇನ್ನಷ್ಟು ಬದಲಿಸಿದ. ಕೈ ಮೊಣಕೈಯವರೆಗೆ ಬಂತು.

"ಬ್ಯಾಡ ಬಿಡು," ರೇಣುಕಮ್ಮ ಎದ್ದು ನಿಂತಳು. "ನೀನು ಕರದಂಗ ಕರದಂಗ ಆಕಿ ಹೊರಗ ಬರಾಕ ಹತ್ಯಾಳ."

ಹಮಾಲರ ಮುಖ್ಯಸ್ಥ ಜಂಬಪ್ಪ ಅಷ್ಟರಲ್ಲಿ ತನ್ನ ಜನರೊಂದಿಗೆ ಬಂದು ಸುತ್ತ ನಿಂತಿದ್ದ. ನೂರು ಕಿಲೋ ಮೂಟೆಯನ್ನು ಹೂವಿನ ಬುಟ್ಟಿಯಂತೆ ಎತ್ತುವ ಆಳು ಆತ. ಈಗ ಚೀಲವನ್ನು ಬೆರಳ ತುದಿಯಿಂದಲೂ ಮುಟ್ಟಲಿಲ್ಲ.

"ಇದನ್ನ ಬೆನ್ನ ಮ್ಯಾಲೆ ಹೊರು ಅಂತೀಯೇನು? ಆ ಕೈ ನಮ್ಮ ಹೆಗಲಿಗೆ ಬಂತಂದ್ರ?"

"ಜಂಬಣ್ಣ, ಅದು ಬರೇ ಮಸಿ."

"ಕಾಡಿಗಿನೂ ಮಸಿನ. ಮಾಟಕ್ಕ ಅದನ್ನ ಬಳಸೋದು."

ಯಲ್ಲೇಶ್ ಕೊನೆಯ ಉಪಾಯಕ್ಕೆ ಕೈ ಹಾಕಿದ. ಫೋಟೋದಲ್ಲಿ ಕೈ ಬರುವ ಜಾಗವನ್ನೇ ಅಳಿಸಿಬಿಟ್ಟ. ಚೀಲ ಬಂತು. ಕೈಯೇನೋ ಹೋಗಿತ್ತು, ಅದರ ಜೊತೆ ಗಾಳೆಮ್ಮನ ಹೆಗಲೂ ಹೋಗಿತ್ತು. ಹಂಪಿಯ ಬಯಲಿನಲ್ಲಿ ತೋಳು ಮುರಿದು ನಿಂತ ವಿಗ್ರಹದಂತೆ ಆಕೆ ದುರುಗುಟ್ಟಿ ನೋಡುತ್ತಿದ್ದಳು.

"ಭಿನ್ನ ಮಾಡಿಬಿಟ್ಟ್ಯಲ್ಲೋ," ಎಂದ ಜಂಬಪ್ಪ ತಗ್ಗಿದ ದನಿಯಲ್ಲಿ. "ಧಣಿ ನೋಡಿದ್ರ ನಿನ್ನ ಭಿನ್ನ ಮಾಡ್ತಾರ."

ಹೆಗಲನ್ನು ಮರಳಿ ಕೂಡಿಸದೆ ಗತಿಯಿರಲಿಲ್ಲ. ಯಲ್ಲೇಶ್ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಹಳೆಯ ಫೈಲನ್ನೇ ಯಂತ್ರಕ್ಕೆ ಹಾಕುವುದರೊಳಗೆ ಜಂಬಪ್ಪ ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದು ಪ್ರಿಂಟರಿಗೆ ಕಟ್ಟತೊಡಗಿದ್ದ. ಆ ಯಂತ್ರಕ್ಕೆ ಸೆನ್ಸರ್ ಎಂಬ ಒಂದು ಸಣ್ಣ ಕಣ್ಣಿದೆ. ಅದರ ಮುಂದೆ ಏನು ಹಾಯ್ದರೂ ಚೀಲ ಬಂತೆಂದು ತಿಳಿದು ಮಸಿ ಚಿಮ್ಮಿಸುತ್ತದೆ. ಲಿಂಬೆಹಣ್ಣು ಸರಿಯಾಗಿ ಆ ಕಣ್ಣಿನ ಮುಂದೆಯೇ ತೂಗಿತು. ದಾರ ಗಂಟು ಹಾಕುತ್ತಿದ್ದ ಜಂಬಪ್ಪನ ಹೊಟ್ಟೆ ಮಸಿಯ ಬಾಯಿಗೆ ನೇರವಾಗಿತ್ತು.

ಚರ್ ಎಂದಿತು ಯಂತ್ರ.

ಬೆಲ್ಟು ನಿಂತಿದೆ, ಚೀಲವಿಲ್ಲ, ಯಾರೂ ಗುಂಡಿ ಒತ್ತಿಲ್ಲ. ಜಂಬಪ್ಪ ಹಿಂದೆ ಸರಿಯುತ್ತ ತನ್ನ ಹೊಟ್ಟೆ ನೋಡಿಕೊಂಡ. ಬಿಳಿ ಬನಿಯನ್ನಿನ ಮೇಲೆ ಗಾಳೆಮ್ಮ ಸೊಟ್ಟಗೆ ಕೂತಿದ್ದಳು. ಹೆಗಲ ಮೇಲೆ ನಾಲ್ಕು ಬೆರಳು.

ಲಿಂಬೆಹಣ್ಣು ಇತ್ತಿಂದತ್ತ ತೂಗುತ್ತಲೇ ಇತ್ತು. ಯಂತ್ರ ಮತ್ತೆ ಚರ್ ಎಂದಿತು. ಆಮೇಲೆ ಜಂಬಪ್ಪ ಓಡಿದ, ಅವನ ಹಿಂದೆ ಹಮಾಲರು ಓಡಿದರು, ಅವರ ಹಿಂದೆ ಸೀರೆ ಎತ್ತಿಕಟ್ಟಿ ರೇಣುಕಮ್ಮ. ಸೆನ್ಸರ್, ಸೆನ್ಸರ್ ಎಂದು ಯಲ್ಲೇಶ್ ಬಾಗಿಲವರೆಗೂ ಕೂಗುತ್ತ ಹೋದ. ಅದು ಆ ದೆವ್ವದ ಹೆಸರಿರಬೇಕೆಂದುಕೊಂಡು ಅವರು ಇನ್ನೂ ಜೋರಾಗಿ ಓಡಿದರು.

ಮಧ್ಯಾಹ್ನವಾಯಿತು. ಲಾರಿ ಖಾಲಿಯೇ ನಿಂತಿತ್ತು. ಹಮಾಲರು ಅಂಗಳದ ಬೇವಿನ ಮರದಡಿ ಕೂತು ಗಿರಣಿಯ ಕಡೆ ಬೆನ್ನು ಸಹ ತಿರುಗಿಸಲು ಒಲ್ಲದೆ ನೋಡುತ್ತಿದ್ದರು. ಸುದ್ದಿ ಕೇಳಿ ದೊಡ್ಡಬಸಪ್ಪ ಕಾರಿನಲ್ಲಿ ಬಂದ. ಮುಖ ಕಾದ ಹಂಚಿನಂತಾಗಿತ್ತು.

"ಎಲ್ಲೈತಿ ಚೀಲ?"

ಯಲ್ಲೇಶ್ ಮೊದಲ ಚೀಲವನ್ನು ಮುಂದಿಟ್ಟ. ಧಣಿ ನೋಡಿದ. ಬೈಗುಳಕ್ಕೆಂದು ತೆರೆದ ಬಾಯಿ ಹಾಗೆಯೇ ಉಳಿಯಿತು. ಅಲ್ಲೇ ಇದ್ದ ಮೂಟೆಯ ಮೇಲೆ ಕುಸಿದು ಕೂತ.

"ಅಕ್ಕ," ಎಂದ.

ಅವನಿಗೊಬ್ಬ ಅಕ್ಕ ಇದ್ದಾಳೆಂದು ಗಿರಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆಸರು ಅನ್ನಪೂರ್ಣ. ಗಣಿ ಲಾರಿಯ ಡ್ರೈವರನನ್ನು ಮೆಚ್ಚಿ ಮನೆ ಬಿಟ್ಟು ಹೋದವಳು. ಅಪ್ಪ ಅವಳು ಸತ್ತಳೆಂದು ತಲೆಯ ಮೇಲೆ ನೀರು ಹಾಕಿಕೊಂಡಿದ್ದ. ಮನೆಯ ಫೋಟೋಗಳನ್ನೆಲ್ಲ ಹೊಸಪೇಟೆಯ ಸ್ಟುಡಿಯೋಗೆ ಒಯ್ದು ಆಕೆ ಇದ್ದಲ್ಲೆಲ್ಲ ಬಣ್ಣ ಬಳಿಸಿದ್ದ. ದೊಡ್ಡಬಸಪ್ಪ ಆಗ ಬಳ್ಳಾರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಹುಡುಗ.

"ಯಾವಾಗ್ಲೂ ಅವ್ವನ ಹಿಂದ ಹಿಂಗ ಕೈ ಇಟ್ಟು ನಿಂದರತಿದ್ಲು," ಎಂದ ಧಣಿ.

ಯಲ್ಲೇಶನಿಗೆ ಹೋದ ಜೀವ ಬಂತು. "ಅದ ನೋಡ್ರಿ ಧಣಿ. ಬಳದ ಬಣ್ಣಕ್ಕೂ ಪರದೆ ಬಣ್ಣಕ್ಕೂ ಕೂದಲಷ್ಟು ಫರಕ್ ಇರತೈತಿ. ನಮ್ಮ ಕಣ್ಣಿಗೆ ತಿಳಿಯಂಗಿಲ್ಲ. ಕರಿ ಬಿಳಿ ಮಾಡುವಾಗ ಮೆಷಿನ್ ಅದನ್ನ ಹಿಡದು ಹೊರಗ ಹಾಕೈತಿ."

"ಮೆಷಿನ್ ಅಲ್ಲೋ," ದೊಡ್ಡಬಸಪ್ಪ ಕಣ್ಣೊರೆಸಿಕೊಂಡ. "ಅವ್ವ ಹೇಳಾಕ ಹತ್ಯಾಳ. ಅಪ್ಪ ಹೋಗಿ ಇಷ್ಟು ವರ್ಷ ಆದ್ರೂ ನಾನು ಆ ಕಡೆ ಮುಖ ಹಾಕಲಿಲ್ಲ." ಎದ್ದವನೇ ಕಾರು ಹತ್ತಿ ಅಕ್ಕ ಇದ್ದ ಗಾದಿಗನೂರಿಗೆ ಹೊರಟ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನನ್ನು ಕರೆದುಕೊಂಡು ಬಂದ. ನರೆತ ಕೂದಲಿನ, ಮೆಲುಮಾತಿನ ಹೆಂಗಸು. ಗಿರಣಿಯ ತುಂಬ ಗೆಲುವು ತುಂಬಿತು. ಹಮಾಲರು ನಾಚುತ್ತ ಒಳಗೆ ಬಂದರು. ಜಂಬಪ್ಪನಂತೂ ಬನಿಯನ್ ಬಿಚ್ಚಲು ಒಲ್ಲೆನೆಂದು, ಅನ್ನಪೂರ್ಣಮ್ಮನ ಕೈ ಮೊದಲು ಬಂದದ್ದು ತನ್ನ ಹೊಟ್ಟೆಯ ಮೇಲೆಯೇ ಎಂದು ಲಾರಿಯವನಿಗೆ ತೋರಿಸುತ್ತ ತಿರುಗಿದ.

"ಮನಿ ಮಗಳ ಕೈಗೆ ಹೆದರಿದ್ವಲ್ಲ," ಎಂದು ರೇಣುಕಮ್ಮ ನಗುತ್ತ ಹೊಲಿಗೆ ಮೆಷಿನ್ ಮುಂದೆ ಕೂತಳು.

"ಇನ್ನ ಮ್ಯಾಲೆ ಎಲ್ಲ ಚೀಲಕ್ಕೂ ಆ ಕೈ ಬರಬೇಕು," ಎಂದು ಅಪ್ಪಣೆ ಮಾಡಿ ದೊಡ್ಡಬಸಪ್ಪ ಎಲ್ಲರಿಗೂ ಬಿಸಿ ಮಿರ್ಚಿ ಭಜಿ ತರಿಸಲು ಹೊರಗೆ ಹೋದ. ಪ್ರಿಂಟರಿನ ಬಳಿ ಅನ್ನಪೂರ್ಣಮ್ಮ ಮತ್ತು ಯಲ್ಲೇಶ್ ಇಬ್ಬರೇ ಉಳಿದರು. ಆಕೆ ಚೀಲದ ಮೇಲೆ ತಾಯಿಯ ಸೆರಗನ್ನು ಬೆರಳಿನಿಂದ ಸವರುತ್ತಿದ್ದಳು.

"ತಮ್ಮಾ, ಈ ಫೋಟೋ ನಿನ್ನ ಮೊಬೈಲಿನ್ಯಾಗ ಐತೇನು?"

ಯಲ್ಲೇಶ್ ತೋರಿಸಿದ. ಆಕೆ ಸೀರೆಯ ಅಂಚನ್ನು ದೊಡ್ಡದು ಮಾಡಿ ನೋಡಿದಳು.

"ಈ ಸೀರಿ ನಾನ ಕಳಿಸಿದ್ದು. ಮದುವಿ ಆಗಿ ಎರಡು ವರ್ಷಕ್ಕ, ಬಳಿಗಾರ್ತಿ ಕೈಯಾಗ ಕದ್ದು ಕಳಿಸಿದ್ದೆ. ಉಟ್ಟಳೋ ಇಲ್ಲೋ ಗೊತ್ತಿರಲಿಲ್ಲ. ಉಟ್ಟು ಫೋಟೋನೂ ತಗಸ್ಯಾಳ ನೋಡು, ನಮ್ಮವ್ವ."

ಯಲ್ಲೇಶ್ ಹೌದೆಂದು ತಲೆಯಾಡಿಸಿದ. ಅರ್ಧ ಆಡಿಸಿದ ತಲೆ ಅಲ್ಲೇ ನಿಂತಿತು.

"ಅಂದ್ರ ಅಮ್ಮಾ... ಈ ಫೋಟೋ ತಗಿಯೋ ಹೊತ್ತಿಗೆ ನೀವು?"

"ಗಾದಿಗನೂರಾಗ ಇದ್ದೆ. ಆ ಮನಿ ಹೊಸ್ತಿಲು ತುಳದವಳ ಅಲ್ಲ."

"ಹಂಗಾದ್ರ ಈ ಕೈ..."

"ನನ್ನದಲ್ಲ." ಆಕೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನನ್ನ ತಮ್ಮಗ ಹೇಳಬ್ಯಾಡಪ್ಪ. ಇಷ್ಟು ವರ್ಷಕ್ಕ ಕರದಾನ. ಯಾರದೋ ಏನೋ, ಆ ಪುಣ್ಯಾತಗಿತ್ತಿಯಿಂದ ನನಗ ತವರು ಸಿಕ್ತು."

ಹೊರಗಿನಿಂದ ಧಣಿ ಕರೆದ. ಆಕೆ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ತುಂಬಿದ ಮುಖದಿಂದ ಹೊರಗೆ ಹೋದಳು.

"ಲೇ ಯಲ್ಲೇಶಿ, ಶುರು ಮಾಡಲೇ, ಲಾರಿ ನಿಂತೈತಿ," ಎಂದು ಜಂಬಪ್ಪ ಆಚೆಯಿಂದ ಕೂಗಿದ. ಮಿರ್ಚಿಯ ವಾಸನೆ, ನಗು, ಮಾತು, ಎಲ್ಲವೂ ಅಂಗಳದಲ್ಲೇ ಇದ್ದವು.

ಯಲ್ಲೇಶ್ ಗುಂಡಿ ಒತ್ತಿದ. ಮೊದಲ ಚೀಲ ಸಾಗಿ ಬಂತು, ಅದರ ಹಿಂದೆ ಎರಡನೆಯದು. ಮೂರನೆಯದು ಬರುವುದರೊಳಗೆ ಅವನು ತನ್ನ ಕುರ್ಚಿಯನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ತಳ್ಳಿಕೊಂಡು, ಬೆನ್ನ ಹಿಂದೆ ಯಾರೂ ನಿಲ್ಲಲು ಜಾಗ ಉಳಿದಿಲ್ಲವೆಂದು ಕೈಯಿಂದ ತಡವಿ ನೋಡಿಕೊಂಡ.