ಗಿಳಿ ಅಂಗಿ ಮತ್ತು ಬಾಲಿಯ ಬೂದಿ

ಕಾನಹೊಸಹಳ್ಳಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಕಂಪನಿಯೊಂದರ ಔಷಧಿಯನ್ನು ಅವರು ಹೇಳಿದಷ್ಟು ಮಾರಿದ್ದಕ್ಕೆ ನನಗೂ ನನ್ನ ಹೆಂಡತಿ ಗೌರಮ್ಮನಿಗೂ ಬಾಲಿ ಪ್ರವಾಸ ಬಂತು. ವಿಮಾನ ಹತ್ತುವ ಮೊದಲೇ ನಾನು ಹಾರಾಡತೊಡಗಿದೆ! ಬಸ್ ನಿಲ್ದಾಣದೆದುರು ಫ್ಲೆಕ್ಸ್ ಏರಿತು. ಕಪ್ಪು ಕನ್ನಡಕದಲ್ಲಿ ನಾನು, ಹಿಂದೆ ಸಮುದ್ರ, ಮೇಲೆ ವಿಮಾನ. ಕೆಳಗೆ, 'ಶುಭ ಕೋರುವವರು: ಗೆಳೆಯರ ಬಳಗ'. ಆ ಬಳಗದಲ್ಲಿ ಇದ್ದವನು ನಾನೊಬ್ಬನೇ.

ಒಂದೇ ತೊಡಕು. ಅದೇ ವಾರ ಕೊಟ್ಟೂರಿನಲ್ಲಿ ನನ್ನ ಭಾಮೈದ ಬಸವರಾಜನ ಹೊಸ ಮನೆಯ ಗೃಹಪ್ರವೇಶ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸಬೇಕಾದವಳು ಮನೆಯ ಹೆಣ್ಣುಮಗಳು.

"ಇರಾಕಿ ಒಬ್ಬಾಕಿ ಅಕ್ಕ. ನಾನ ಇಲ್ಲಾಂದ್ರ ಹಾಲು ಯಾರು ಉಕ್ಕಿಸ್ತಾರ್ರಿ?" ಎಂದಳು ಗೌರಮ್ಮ.

"ಲೇ, ಹಾಲು ಯಾರು ಕಾಸಿದ್ರೂ ಉಕ್ಕತೈತಿ. ಬಾಲಿ ಮತ್ತ ಬರತೈತೇನು? ಅಲ್ಲಿ ಬೆಂಕಿ ಕಾರೋ ಬೆಟ್ಟ ಐತಂತ, ತೋರಿಸ್ತೀನಿ ಬಾ!"

ಅವಳು ತಮ್ಮನಿಗೆ ಫೋನ್ ಮಾಡಿ, "ಬರಾಕ ಆಗಂಗಿಲ್ಲಪ್ಪಾ" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಈರುಳ್ಳಿ ಹೆಚ್ಚಿದಳು. ಅಂದಿನ ಅಡುಗೆಯಲ್ಲಿ ಈರುಳ್ಳಿಯೇ ಇರಲಿಲ್ಲ. ನಾನು ಉಂಡು ತೇಗಿದೆ.

ಗಿಳಿಗಳ ಚಿತ್ರದ ಅಂಗಿ, ಮೊಣಕಾಲುದ್ದದ ಚಡ್ಡಿ ತೊಟ್ಟು ಬೆಂಗಳೂರಿನ ವಿಮಾನ ನಿಲ್ದಾಣ ಸೇರಿದೆ. ಅಲ್ಲಿ ನಮ್ಮ ವಿಮಾನವೇ ರದ್ದು!

"ಸರ್, ಜ್ವಾಲಾಮುಖಿ ಸಿಡಿದಿದೆ. ಆಕಾಶದ ತುಂಬ ಬೂದಿ" ಎಂದಳು ಕೌಂಟರಿನ ಹುಡುಗಿ.

"ಬೂದಿಗೆ ಅಂಜೋ ಮಂದಿ ನಾವಲ್ಲವ್ವಾ! ದಿನಾ ಹಣಿಗೆ ಹಚ್ಕೊಂತೀವಿ!"

ಅವಳು ನನ್ನ ಹಣೆಯ ವಿಭೂತಿ ನೋಡಿದಳು, ಅಂಗಿಯ ಗಿಳಿ ನೋಡಿದಳು, ಮುಂದಿನವರನ್ನು ಕರೆದಳು.

ಊರಿನ ಫ್ಲೆಕ್ಸ್ ನೆನಪಾಯಿತು. ಐದು ದಿನ ಯಾವುದಾದರೂ ಲಾಡ್ಜಿನಲ್ಲಿ ಅಡಗಿರೋಣ ಎಂದು ಮರ್ಯಾದೆ ಉಳಿಸುವ ಸಲಹೆ ಮಂಡಿಸಿದೆ.

"ನಾಳಿ ಹನ್ನೆರಡಕ್ಕ ಮುಹೂರ್ತ. ನೀವು ಅಡಗಿಕೊಳ್ರಿ, ನಾ ಬಸ್ಸಿಗೆ ಹೊಂಟೆ" ಎಂದಳು ಗೌರಮ್ಮ.

ಬೆಳಗಿನ ಮೊದಲ ಬಸ್ಸು ಹತ್ತಿದೆವು. ಅಂಗಿ ಬದಲಿಸೋಣವೆಂದರೆ ಬ್ಯಾಗಿನಲ್ಲಿದ್ದವೂ ಗಿಳಿಗಳೇ. ಕೊಟ್ಟೂರಿಗೆ ದಾರಿ ನಮ್ಮೂರ ಮೇಲೆಯೇ. ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಬಸ್ಸು ಸರಿಯಾಗಿ ಫ್ಲೆಕ್ಸಿನ ಎದುರಿಗೇ ನಿಂತಿತು! ನನ್ನ ಅಂಗಡಿಯ ಕಾಯಂ ಗಿರಾಕಿ, ರೈತ ಓಬಣ್ಣ ಹತ್ತಿದವನು ಪಕ್ಕದ ಗೌರಮ್ಮನನ್ನು ಕಂಡು ನನ್ನ ಗುರುತು ಹಿಡಿದ.

"ಸಾವ್ಕಾರ್ರ! ಬಾಲಿಗೆ ಕೊಟ್ಟೂರು ಮ್ಯಾಲೆ ಹೋಗ್ತಾರೇನ್ರಿ?"

ಇಡೀ ಬಸ್ಸು ಫ್ಲೆಕ್ಸನ್ನೂ ನನ್ನನ್ನೂ ಸರದಿಯಂತೆ ನೋಡಿತು.

"ಬೆಂಕಿ ಬೆಟ್ಟ ಸಿಡದೈತಪ್ಪಾ."

"ಎಲ್ಲಿ?"

"ಅಲ್ಲಿ, ಬಾಲಿ ಕಡೆ."

"ಮತ್ತ ನೀವ್ಯಾಕ ಇಲ್ಲಿ ಮುಖ ಮುಚ್ಕೊಂಡೀರಿ?"

ಅವನ ಪ್ರಶ್ನೆ ತಾಳಲಾರದೆ, ಬೇರೆ ಬಸ್ಸಿಗೆ ಹೋಗೋಣವೆಂದು ಕೂಡ್ಲಿಗಿಯಲ್ಲಿ ಗೌರಮ್ಮನನ್ನೂ ಇಳಿಸಿಬಿಟ್ಟೆ. ಬೇರೆ ಬಸ್ಸು ಬರಲೇ ಇಲ್ಲ! ಹನ್ನೊಂದೂ ಕಾಲಾಯಿತು. ಗೌರಮ್ಮ ನನ್ನನ್ನು ಬೈಯಲಿಲ್ಲ. ಗಡಿಯಾರ ನೋಡಿ ತುಟಿ ಕಚ್ಚಿಕೊಂಡಳು.

ನಡುರಸ್ತೆಯಲ್ಲಿ ನಿಂತು ಬಂದದ್ದಕ್ಕೆಲ್ಲ ಕೈ ಅಡ್ಡ ಹಿಡಿದೆ. ನಿಂತದ್ದು ಕುರಿ ತುಂಬಿದ ಟೆಂಪೋ. ಅವಳು ಮುಂದೆ, ನಾನು ಕುರಿಗಳ ಜೊತೆ ಹಿಂದೆ. ಕೊಟ್ಟೂರು ತಲುಪುವಷ್ಟರಲ್ಲಿ ಒಂದು ಟಗರು ನನ್ನ ಅಂಗಿಯ ಗಿಳಿಯೊಂದನ್ನು ಅರ್ಧ ತಿಂದಿತ್ತು.

"ಒಲಿ ಹಚ್ಚಬ್ಯಾಡೋ ಬಸ್ಯಾ, ಬಂದೆ!" ಎಂದು ಗೌರಮ್ಮ ಬೀದಿಯಿಂದಲೇ ಕೂಗಿದಳು.

ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಬಸವರಾಜ "ಅಕ್ಕಾ!" ಎಂದವನೇ ಪಾತ್ರೆಯನ್ನು ಅವಳ ಕೈಗಿತ್ತ. ಹಾಲು ಉಕ್ಕಿತು. ಗೌರಮ್ಮನ ಕಣ್ಣಲ್ಲಿ ನೀರು. ಈ ಸಲ ಈರುಳ್ಳಿ ಇರಲಿಲ್ಲ.

ಅವಳು ಕೈ ಮುಗಿದು ಬಹಳ ಹೊತ್ತು ನಿಂತಳು.

"ದೇವರಿಗೆ ಏನ್ ಬೇಡ್ಕೊಂಡಿ?" ಎಂದೆ.

"ಆ ಬೆಂಕಿ ಬೆಟ್ಟಕ್ಕ ಕೈ ಮುಗದ್ನಿರಿ. ನೀವಂತೂ ಕರಕೊಂಡು ಬರಲಿಲ್ಲ, ಅದಾರ ಕರಕೊಂಡು ಬಂತು."



ಊರಿಗೆ ಬಂದು ಫ್ಲೆಕ್ಸ್ ಇಳಿಸಿದೆ. ಓಬಣ್ಣ ಕೇಳಿ ಒಯ್ದು ಮೆಕ್ಕೆಜೋಳದ ರಾಶಿಗೆ ಹೊದಿಸಿದ್ದಾನೆ. ಒಂದು ಹನಿಯೂ ಒಳಗಿಳಿಯುವುದಿಲ್ಲವಂತೆ. ಅಂತೂ ನಾನು ಒಂದು ಕೆಲಸಕ್ಕೆ ಬಂದೆ!