ಅಗಲ ಎಲೆಯ ಮನುಷ್ಯ

ಯಾರಾದರೂ ಹೊಗಳಿದರೆ ಉಬ್ಬಿಹೋಗುವವನು ನಾನು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಚಾರಂನ ನಮ್ಮ ಕಾರ್ಖಾನೆಯಲ್ಲಿ, ಇದು ನಿಮ್ಮ ಕೈಯಿಂದಲೇ ಆಗಬೇಕು ಎಂದವರ ಕೆಲಸವನ್ನೆಲ್ಲ ನಾನು ಮಾಡಿಕೊಟ್ಟಿದ್ದೇನೆ. ಅವರು ಆರಾಮವಾಗಿ ಚಹಾ ಕುಡಿದಿದ್ದಾರೆ. ಹೀಗಾಗಿ ಪಕ್ಕದ ಮನೆಯ ಸರಳಮ್ಮನವರು ನಮ್ಮ ಗೇಟಿನಲ್ಲಿ ನಿಂತು, ಕಳೆಯೊಂದು ಇಲ್ಲದಿದ್ದರೆ ನಿಮ್ಮದು ದೊಡ್ಡ ಹೋಟೆಲಿನ ಲಾನೇ ಎಂದದ್ದೇ ತಡ, ಮರುದಿನ ಸುಲ್ತಾನ್ ಬಜಾರಿನ ಕಡೆಯ ಬೀಜ-ಗೊಬ್ಬರದ ಅಂಗಡಿಗೆ ಓಡಿದೆ. ನಮ್ಮ ಲಾನೆಂದರೆ ಎರಡು ಚಾಪೆ ಹಾಸುವಷ್ಟು ಜಾಗ.

ಅಂಗಡಿಯವನು ಕೊಟ್ಟ ಔಷಧದ ಮಹಿಮೆ ಕೇಳಿ ಬೆರಗಾದೆ. ಅದು ಗಿಡವನ್ನು ಸುಡುವುದಿಲ್ಲವಂತೆ. ಗಿಡದೊಳಗೆ ಬೆಳೆ, ಬೆಳೆ ಎಂದು ಹೇಳುವ ಹಾರ್ಮೋನು ಇರುತ್ತದಲ್ಲ, ಅದರದೇ ನಕಲು. ಅಗಲ ಎಲೆಯ ಗಿಡ ಅದನ್ನು ನಂಬಿ ಅಡ್ಡಾದಿಡ್ಡಿ ಬೆಳೆದು, ತಿರುಚಿಕೊಂಡು, ಬೆಳೆದು ಬೆಳೆದೇ ಸಾಯುತ್ತದೆ. ಹುಲ್ಲು ಅದನ್ನು ಅರಗಿಸಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಗಾಳಿ ಇಲ್ಲದಾಗ ಹೊಡೆಯಿರಿ ಎಂದೂ ಹೇಳಿದ್ದ. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಹೋಟೆಲಿನ ಲಾನಿನ ಮೇಲೆ ಅಡ್ಡಾಡುತ್ತಿದ್ದೆ.

ಹೊಡೆದ ದಿನ ಗಾಳಿ ಇತ್ತು. ಮೂರನೆಯ ದಿನ ಕಳೆಗಳ ಜೊತೆಗೆ ಗೋಡೆ ಪಕ್ಕದ ಪುಂಡಿ ಗಿಡಗಳೂ ಕತ್ತು ತಿರುವಿಕೊಂಡವು. ಇಲ್ಲಿಯ ತೆಲುಗರು ಗೋಂಗೂರ ಎನ್ನುವ ಹುಳಿ ಸೊಪ್ಪು ಇದೇ. ನನ್ನ ಹೆಂಡತಿ ಶಕುಂತಲಾ ಕಲಬುರಗಿಯ ತವರಿನಿಂದ ಬೀಜ ತಂದು, ವರ್ಷವರ್ಷವೂ ಉಳಿಸಿಕೊಂಡು ಬಂದದ್ದು. ಅವಳ ಅವ್ವ ತೀರಿಕೊಂಡ ಮೇಲೆ ತವರಿನ ಅಂಗಳದ್ದೆಂದು ಉಳಿದದ್ದು ಇದೊಂದೇ. ಈ ಸಲವೂ ಬೀಜಕ್ಕೆಂದು ಬಿಟ್ಟಿದ್ದಳು. ಕಾಯಿ ಇನ್ನೂ ಹಸಿ. ನನಗೆ ತುಂಬಾ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ವಿಜ್ಞಾನ ಹೇಳುತ್ತೇನೆ. ಹಾರ್ಮೋನಿನ ಕಥೆಯನ್ನೆಲ್ಲ ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಹುಲ್ಲಿಗೇನೂ ಆಗಂಗಿಲ್ಲೇನ್ರಿ?"

ಇಲ್ಲ ಎಂದೆ.

"ಹಂಗಾರ ನಾಳಿಂದ ಹುಲ್ಲಿನ ಪಲ್ಯಾನ ಮಾಡ್ತೀನಿ. ರೊಟ್ಟಿ ಎಷ್ಟು ಬಡೀಲಿ, ಹೇಳ್ರಿ."

ಆಗ ನೆನಪಾಯಿತು: ಹೋದ ವರ್ಷ ಅವಳು ಸರಳಮ್ಮನವರಿಗೂ ಒಂದು ಹಿಡಿ ಬೀಜ ಕೊಟ್ಟಿದ್ದಳು. ಡಬ್ಬಿ ಹಿಡಿದು ಹೋದೆ. ಅವರ ಹಿತ್ತಲಲ್ಲಿ ಪುಂಡಿ ಒಣಗಿದ ಕಾಯಿ ಹೊತ್ತು ನಿಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ತೆಲುಗಿನಲ್ಲಿ ನನ್ನ ಲಾನನ್ನು ಹೊಗಳಿ, ಅಣ್ಣನೆಂದು ಕರೆದು, ನಮ್ಮ ಹಿತ್ತಲಿಗೂ ಅದನ್ನೇ ಹೊಡೆದುಕೊಡಿ ಅನ್ನಯ್ಯಗಾರು, ನಿಮ್ಮ ಕೈಯಿಂದಲೇ ಆಗಬೇಕು ಎಂದರು. ಅದಕ್ಕೇನು, ನಾಳೆಯೇ ಎಂದುಬಿಟ್ಟೆ. ಬೀಜ ಕೇಳಲು ಹೋಗಿದ್ದೆನೆಂಬುದು ಖಾಲಿ ಡಬ್ಬಿಯೊಂದಿಗೆ ಮನೆಗೆ ಬಂದ ಮೇಲೆ ನೆನಪಾಯಿತು.

ಸಂಜೆಯೊಳಗೆ ಶಕುಂತಲಾ ತಾನೇ ಹೋಗಿ ಬೀಜ ತಂದಳು. ಔಷಧದ ಸೀಸೆಯನ್ನೂ ಎಲ್ಲೋ ಬಚ್ಚಿಟ್ಟಿದ್ದಾಳೆ. ಎಲ್ಲಿ ಎಂದು ನಾನು ಕೇಳಿಲ್ಲ. ಗೊತ್ತಿದ್ದರೆ, ಇನ್ಯಾರಾದರೂ ಗೇಟಿಗೆ ಬಂದು ಹೊಗಳಿದಾಗ ತೆಗೆದುಬಿಡುತ್ತೇನೆಂಬ ಭಯ.