ನಮ್ಮ ಸೊಸಿ ಟಿಇಟಿ ಕಟ್ಟ್ಯಾಳ್ರಿ

ಟಿಇಟಿ ಕಟ್ಟಿದವರ ಮನ್ಯಾಗ ಟಿವಿ ಹಚ್ಚೂ ಗರಜ ಬೀಳೂದಿಲ್ಲ. ದಿನಾ ಒಂದ ಹೊಸಾ ನಾಟಕ ನಡದ ಇರತೈತಿ. ಓದಾವ್ರು ಒಬ್ಬರಾದ್ರ, ಓದಸಾವ್ರು ಊರ ಮಂದಿ.

ನಮ್ಮದು ಕಾಗವಾಡ ತಾಲೂಕಿನ ಐನಾಪುರ. ದ್ರಾಕ್ಷಿ, ಕಬ್ಬು, ನಾಕ ಎಮ್ಮಿ ಇರೂ ಜೈನರ ಮನಿ. ಮನ್ಯಾಗ ಅತ್ತಿ, ಮಾವ, ನಮ್ಮ ಮನಿಯವರು, ಐದ ವರ್ಷದ ಮಗಳು, ಮತ್ತ ನಾನು. ಊರಾಗಿನ ಒಂದ ಸಣ್ಣ ಸಾಲ್ಯಾಗ ನಾ ಮೂರನೇತ್ತೆ ಹುಡುಗರಿಗೆ ಕಲಸತೇನಿ. ಆ ಕೆಲಸ ಅಂದ್ರ ನನಗ ಜೀವ. ಆದ್ರ ಶಿಕ್ಷಕರ ಅರ್ಹತಾ ಪರೀಕ್ಷಾ ಅಂತ ಒಂದ ಐತಲ್ಲ, ಈ ಟಿಇಟಿ, ಅದಕ್ಕ ಮೂರ ಸಲ ಕುಂತು ಮೂರೂ ಸಲ ಬಿದ್ದಿದ್ದೆ.

ಈ ಸಲ ಹೆಡ್‌ಮಾಸ್ತರು ಕರದ ಹೇಳಿಬಿಟ್ರು: "ಟೀಚರ್, ಮುಂದಿನ ವರ್ಷದಿಂದ ಟಿಇಟಿ ಆದವರನ್ನಷ್ಟ ಇಟ್ಟಕೋಬೇಕಂತ ಕಮಿಟಿಯವರು ಹಟ ಹಿಡದಾರ. ಹೆಂಗರ ಮಾಡಿ ಪಾಸಾಗ್ರಿ." ಮನಿಗೆ ಬಂದ ಹೇಳಿದ್ರ ಮಾವ ಅಂದ್ರು, "ಇದೊಂದ ಸಲ ನೋಡೂಣವಾ. ಆಗಲಿಲ್ಲಂದ್ರ ಸಾಲಿ ಸಾಕು. ದ್ರಾಕ್ಷಿ ಪಡದಾಗ ಆಳಿನ ಸಂಗಟ ನಿಂದರಾಕ ಮನಿ ಮಂದೀನ ಬೇಕು." ನನಗ ಅವತ್ತ ಊಟಾನ ಸೇರಲಿಲ್ಲ.

೧. ಬಹಿಷ್ಕಾರ

ಅಥಣಿಯಾಗ ಒಂದ ಕೋಚಿಂಗ್ ಕ್ಲಾಸಿಗೆ ಹೋಗಾಕತ್ತಿದೆ, ರವಿವಾರಕ್ಕೊಮ್ಮೆ. ಮನಃಶಾಸ್ತ್ರ ಹೇಳೂ ಸರ್ ಮೈಸೂರ ಕಡೆಯವರು, ಈ ಕಡೆ ಹೊಸದಾಗಿ ಬಂದಿದ್ರು. ಅವರು ಮಾತಾಡಿದ್ರ ರೇಡಿಯೋದಾಗ ವಾರ್ತಾ ಓದಿದಂಗ ಇರತಿತ್ತು. ಒಂದ ರವಿವಾರ ಸಂಜಿ ಅಣಕು ಪರೀಕ್ಷಾ ಇಟ್ರು. ಪ್ರಶ್ನಿ ಎಲ್ಲಾ ತಾವ ಕುಂತ ತಗದಿದ್ರಂತ, ಭಾಳ ಹೆಮ್ಮಿಯಿಂದ ಹಂಚಿದ್ರು.

ಕ್ಲಾಸಿನ್ಯಾಗ ಅರ್ಧಕ್ಕರ್ಧ ನಮ್ಮಂಥಾ ಜೈನರ ಮನಿ ಹೆಣ್ಮಕ್ಕಳು. ನಮ್ಮಲ್ಲಿ ಹೊತ್ತ ಮುಳಗೂದರೊಳಗ ಊಟ ಮುಗಿಸಬೇಕು. ಮುಳಗಿದ ಮ್ಯಾಲ ಒಂದ ಅಗಳೂ ಬಾಯಾಗ ಹಾಕೂ ಹಂಗಿಲ್ಲ. ಬಸ್ಸಿಳದ ಮನಿ ಮುಟ್ಟೂದರಾಗ ಕತ್ತಲಾಗತೈತಿ ಅಂತ ಎಲ್ಲಾರೂ ಡಬ್ಬಿ ಕಟಗೊಂಡ ಬಂದಿರತಿದ್ವಿ.

ಪರೀಕ್ಷಾ ಅರ್ಧ ಆಗಿತ್ತು. ಕಿಡಕ್ಯಾಗಿನ ಬಿಸಲ ಕೆಂಪಾತು. ಮುಂದಿನ ಬೆಂಚಿನಾಕಿ ಕಿಡಕಿ ನೋಡಿದ್ಳು, ತಿರಗಿ ನನ್ನ ನೋಡಿದ್ಳು, ಪೆನ್ನ ಇಟ್ಟ ಎದ್ಳು. ಆಕಿ ಹಿಂದ ನಾನು, ನನ್ನ ಹಿಂದ ಉಳದಾವ್ರು. ಪರೀಕ್ಷಾ ನಡದಾಗ ಮಾತಾಡಬಾರದಲ್ಲ, ಅದಕ್ಕ ಯಾರೂ ತುಟಿ ಪಿಟ್ಟ ಅನ್ನಲಿಲ್ಲ.

ಸರ್ ಮುಖ ಬೆಳ್ಳಗಾತು. "ಏನಮ್ಮ, ಎಲ್ಲರೂ ಯಾಕೆ ಎದ್ದು ಹೋಗ್ತಿದ್ದೀರಾ? ಪೇಪರ್ ಅಷ್ಟು ಕಷ್ಟ ಇದೆಯಾ?"

ನಾವು ಬಾಗಲಾ ದಾಟಾಕತ್ತಿದ್ವಿ.

"ನೋಡಿ, ಬಹಿಷ್ಕಾರ ಗಿಹಿಷ್ಕಾರ ಎಲ್ಲ ಬೇಡ. ಹತ್ತು ಅಂಕ ಗ್ರೇಸ್ ಕೊಡ್ತೀನಿ!" ಅಂದ್ರು. ಹೊತ್ತ ಮುಳಗಾಕ ಬಂದೈತಿ, ನಿಂದರಾವ್ರ ಯಾರು? "ಆಯ್ತಮ್ಮ, ಹದಿನೈದು!"

ಅಂಗಳದಾಗ ಕುಂತ ಚಪಾತಿ, ಹೆಸರಕಾಳ ಪಲ್ಯಾ ಉಂಡು, ಕೈ ತೊಳಕೊಂಡ ಒಳಗ ಬಂದು ನಮ್ಮ ನಮ್ಮ ಜಾಗಾದಾಗ ಕುಂತ್ವಿ. ಆವಾಗ ಸರ್‌ಗೆ ಹೊಳೀತು. ಆದ್ರೂ ಮಾತಿಗೆ ತಪ್ಪದ ಮನಷ್ಯಾ, ಗ್ರೇಸ್ ಹಾಕೇ ಹಾಕಿದ್ರು. ಮುಂದಿನ ರವಿವಾರದ ಪರೀಕ್ಷಾದಾಗ ಬಿಸಲ ಕೆಂಪಾಗೂದ ತಡ, ಇಡೀ ಕ್ಲಾಸ್ ಡಬ್ಬಿ ಹಿಡಕೊಂಡ ಎದ್ದ ನಿಂತಿತು. ಜಾತಿ ಮತ ಅನ್ನಲಾರದ ಎಲ್ಲಾರೂ ಜೈನರಾಗಿಬಿಟ್ಟಿದ್ರು.

೨. ಪ್ರಯೋಗ

ಮನಃಶಾಸ್ತ್ರದಾಗ ಒಂದ ಪ್ರಯೋಗ ಬರತೈತಿ. ಅಗಲ ಲೋಟದಾಗಿನ ಹಾಲ ಉದ್ದನ ಲೋಟಕ್ಕ ಸುರವಿ, "ಯಾವದರಾಗ ಹೆಚ್ಚ ಇತ್ತು?" ಅಂತ ಸಣ್ಣ ಹುಡುಗರನ್ನ ಕೇಳಬೇಕು. ಉದ್ದಂದರಾಗ ಹೆಚ್ಚೈತಿ ಅಂತಾವಂತ ಹುಡುಗರು. ಓದಿದ್ದ ತಲ್ಯಾಗ ಕುಂದ್ರಬೇಕಂದ್ರ ಮಾಡಿ ನೋಡಬೇಕಂತ ಮಗಳನ್ನ ಕರದೆ. ಸುರವಿ ಕೇಳಿದೆ.

"ಉದ್ದಂದರಾಗ ಕಡಿಮಿ ಐತೆವ್ವಾ," ಅಂದ್ಳು.

ಪುಸ್ತಕದಾಗ ಈ ಉತ್ತರಾನ ಇಲ್ಲ! "ಯಾಕವಾ?" ಅಂದೆ.

"ನೀ ಸುರವೂವಾಗ ಕೆಳಗ ಚೆಲ್ಲಿದೆಲ್ಲ!"

ಅತ್ತಿ ಒಲಿ ಮುಂದಿಂದ ಅಂದ್ರು, "ಡೇರಿಗೆ ಹಾಲ ಹಾಕೂ ಮನಿ ಕೂಸ ಅದು. ಅದನ್ನೇನ ಪರೀಕ್ಷಾ ಮಾಡತಿ? ಮೊದಲ ನೆಲಾ ಒರಸ."

ಮಗಳ ಮ್ಯಾಲ ಆಗಲಿಲ್ಲಂತ ಗಂಡನ ಮ್ಯಾಲ ಹೊರಳಿದೆ. ಚೊಲೋ ಕೆಲಸ ಮಾಡಿದ ಕೂಡಲೇ ಹೊಗಳಿದ್ರ ಆ ರೂಢಿ ಗಟ್ಟಿ ಆಗತೈತಂತ ಇನ್ನೊಂದ ಪಾಠ. ನಮ್ಮ ಮನಿಯವರು ಹಸಿ ಟಾವೆಲ್ ಹಾಸಿಗಿ ಮ್ಯಾಲ ಒಗಿಯೂದ ಬಿಟ್ಟ ಹಗ್ಗದ ಮ್ಯಾಲ ಹಾಕಿದ ದಿನ, "ಅಬ್ಬಾ, ಎಷ್ಟ ಚೊಲೋ ಹಾಕೀರಿ!" ಅಂದೆ. ಮರುದಿನ ಚಪ್ಪಲಿ ಹೊರಗ ಬಿಟ್ಟಿದ್ದಕ್ಕ ಹೊಗಳಿದೆ. ಅದರ ಮರುದಿನ ಉಂಡ ತಾಟ ಎತ್ತಿಟ್ಟಿದ್ದಕ್ಕ ಚಪ್ಪಾಳೀನ ಹೊಡದೆ. ಪಾಠ ಫಲಾ ಕೊಡಾಕತ್ತೈತಿ ಅಂತ ನನಗ ಖುಷಿನ ಖುಷಿ.

ಅವತ್ತ ಸಂಜಿಮುಂದ ಇವರು ಹಿತ್ತಲದಾಗ ನಿಂತ, ರಾಯಬಾಗದಾಗ ಇರೂ ನನ್ನ ತಮ್ಮಗ ಫೋನ್ ಹಚ್ಚಿ ಸಣ್ಣ ದನಿಲೆ ಕೇಳಾಕತ್ತಿದ್ರು: "ನಿಮ್ಮಕ್ಕ ಮೂರ ದಿನಾತೋ, ನನ್ನ ಒಂದೇ ಸವನ ಹೊಗಳಾಕತ್ತಾಳ. ಲಗ್ನಕ್ಕಿಂತ ಮೊದಲ ಈಕಿಗೆ ಹಿಂಗೇನರ ಆಗತಿತ್ತೇನು?"

೩. ಗದ್ದಲ ಬ್ಯಾಡ

ನಮ್ಮ ಅತ್ತಿಗೆ ನನ್ನ ಅಭ್ಯಾಸದ ಮ್ಯಾಲ ಭಾಳ ಕಾಳಜಿ. ನಾ ಪುಸ್ತಕ ಹಿಡದ ಒಳಗ ಕುಂತ್ರ, ಅವರು ಹೊರಗ ಕಟ್ಟಿ ಮ್ಯಾಲ ಕುಂತ ಕಾವಲ ಮಾಡತಿದ್ರು. ದಾರಿ ಹಿಡದ ಹೋಗಾವ್ರಿಗೆಲ್ಲಾ, "ಹಳೂಕ ಹೋಗ್ರಿ, ನಮ್ಮ ಸೊಸಿ ಟಿಇಟಿ ಕಟ್ಟ್ಯಾಳ್ರಿ!" ಅಂತ ಕೂಗತಿದ್ರು. ಆ ಕೂಗಿಗೆ ಎಮ್ಮಿ ಗಾಬರಿಯಾಗಿ ಹಗ್ಗ ಜಗ್ಗತಿದ್ವು.

ಎದುರಮನಿ ಕಾಕು ಮಿರಜ ಕಡೆಯಾಕಿ, ಮಾತಿನ್ಯಾಗ ಅರ್ಧಾ ಮರಾಠಿ. ಆಕಿ ಬಂದು, "ಅಗಬಾಯಿ, ಅಭ್ಯಾಸ ಚಾಲೂ ಐತೇನು? ಹಂಗಾರ ನಾ ಕುಂದ್ರೂದಿಲ್ಲವಾ," ಅಂತ ಕುಂತ್ಲು. ಓದಾವ್ರ ಮನ್ಯಾಗ ಗದ್ದಲ ಮಾಡಬಾರದು ಅನ್ನೂದರ ಮ್ಯಾಲ ಇಬ್ಬರೂ ಕೂಡಿ ಒಂದ ತಾಸ ಮಾತಾಡಿದ್ರು. ಯಾರ ಮನ್ಯಾಗ ಯಾರ ಗದ್ದಲ ಮಾಡಿ ಯಾರ ನಪಾಸಾದ್ರು, ಜುಗೂಳದಿಂದ ಹಿಡದ ನಿಪ್ಪಾಣಿತನಕ ಎಲ್ಲಾ ಬಂತು.

ನಾ ತಡೀಲಾರದ ಎದ್ದ ಬಾಗಲಾ ಹಾಕಿದೆ. ಒಂದ ಪುಟ ಓದೂದರಾಗ ಅತ್ತಿ ಬಾಗಲಾ ತಗದ ಕೇಳಿದ್ರು, "ಯಾಕವಾ, ನಮ್ಮ ಮಾತ ಕೇಳಸ್ತೈತೇನು?"

"ಇಲ್ರಿ ಅತ್ತಿ," ಅಂದೆ, ಸಂಕೋಚಕ್ಕ.

"ಹಂಗಾರ ಇನ್ನೊಂದೀಟ ಜೋರ ಮಾತಾಡಿದ್ರ ನಡೀತೈತಿ ತಗೋ," ಅಂತ ಕಾಕುನ ಕಡೆ ಹೊಳ್ಳಿದ್ರು.

೪. ಅಮಾಸಿ

ಟಿಇಟಿಯಾಗ ಉತ್ತರ ಬರಿಯೂದಿಲ್ಲ. ಉತ್ತರದ ಹಾಳಿ ಮ್ಯಾಲ ಸಣ್ಣ ಸಣ್ಣ ಗುಂಡ ಇರತಾವು, ಸರಿ ಇದ್ದಿದ್ದನ್ನ ಕರೇ ಪೆನ್ನಿಲೆ ತುಂಬಬೇಕು. ಹ್ವಾದ ಸಲ ಗುಂಡ ತುಂಬಾಕ ತಡಾ ಮಾಡಿ ಕಡೀಕ ಎಷ್ಟೋ ಪ್ರಶ್ನಿ ಬಿಟ್ಟ ಬಂದಿದ್ದೆ. ಅದಕ್ಕ ಈ ಸಲ ಕಂಡಲ್ಲಿ ಗುಂಡ ತುಂಬೂ ಚಟಾ ಹತ್ತಿತ್ತು. ಪೇಪರಿನ ಅಕ್ಷರದ ಹೊಟ್ಟಿ ಬಿಡಲಿಲ್ಲ, ಬಿಸ್ಕಿಟ್ ಪುಡಾ ಬಿಡಲಿಲ್ಲ. ಒಂದ ದಿನ ಗ್ವಾಡಿಗೆ ಆನಕೊಂಡ ನಮ್ಮವ್ವನ ಸಂಗಟ ಫೋನಿನ್ಯಾಗ ಮಾತಾಡಕೋತ, ಕೈ ತನ್ನ ಪಾಡಿಗೆ ಕ್ಯಾಲೆಂಡರಿನ್ಯಾಗ ಒಂದ ಬಿಳೇ ಗುಂಡ ತುಂಬಿತ್ತು. ಹುಣಿವಿ ಗುಂಡ ಅದು. ನನಗ ಖಬರೂ ಇಲ್ಲ.

ಎಂಟ ದಿನದಿಂದ ಮೋಡಾ ಮುಚ್ಚಿ, ಚಂದ್ರನ ಮುಖಾ ಯಾರೂ ನೋಡಿರಲಿಲ್ಲ. ಆ ಹುಣಿವಿ ದಿನಾನ ಕಬ್ಬ ಹಚ್ಚಬೇಕಿತ್ತು. ಮುಂಜಾನೆ ಮಾವ ಚಾಳೀಸ ಹಾಕ್ಕೊಳ್ಳದ ಕ್ಯಾಲೆಂಡರ ನೋಡಿದ್ರು. "ಏ, ಇವತ್ತ ಅಮಾಸಿ! ಎತ್ತ ಹೂಡಬ್ಯಾಡ್ರೋ," ಅಂತ ಆಳಿಗೆಲ್ಲಾ ಸೂಟಿ ಕೊಟ್ಟ ಕಟ್ಟಿ ಮ್ಯಾಲ ಕುಂತ್ರು. ನಮ್ಮ ಕಡೆ ಅಮಾಸಿ ದಿನ ಎತ್ತಿನ ಹೆಗಲ ಮ್ಯಾಲ ನೊಗಾ ಇಡೂದಿಲ್ಲ. ದಾರ್ಯಾಗ ಮಂದಿ ಎತ್ತ ಹೊಡಕೊಂಡ ಹೊಲಕ್ಕ ಹೋಗೂದ ನೋಡಿ ಮರುಗಿದ್ದೇ ಮರುಗಿದ್ದು. "ಈಗಿನ ಮಂದಿಗೆ ಅಮಾಸಿ ಯಾವದು, ಹುಣಿವಿ ಯಾವದು, ಒಂದರ ಧ್ಯಾಸ ಐತೇನು? ಮೂಕ ಜೀವಾ ಅವು..."

ಹೊತ್ತ ಮುಳಗಿತು, ಮೋಡಾ ಹರೀತು. ಕಬ್ಬಿನ ಹಿಂದಿಂದ ಗಂಗಾಳದಷ್ಟ ಚಂದ್ರ ಎದ್ದ ಬಂದ. ಮಾವ ಭಾಳೊತ್ತ ನೋಡಿದ್ರು. ಎದ್ದ ಒಳಗ ಹೋಗಿ ಚಾಳೀಸ ಹಾಕ್ಕೊಂಡ ಕ್ಯಾಲೆಂಡರ ನೋಡಿದ್ರು. ಒಂದ ಚೂರೂ ಬಿಳೇದ ಉಳೀದಂಗ ತುಂಬಿದ್ದೆ, ಅದರಾಗ ತಪ್ಪ ಹುಡಕೂ ಹಂಗಿರಲಿಲ್ಲ.

"ಸೊಸಿ," ಅಂದ್ರು, ಸಿಟ್ಟೂ ಇಲ್ಲ ನಗೀನೂ ಇಲ್ಲ. "ನಿನ್ನ ಪರೀಕ್ಷಾ ಮುಗಿಯೂತನಕ ನಾ ಮುಗಿಲ ನೋಡೇ ಎತ್ತ ಹೂಡತೇನಿ."

೫. ನೀಲಿ ಕೈ

ಅರ್ಜಿ ತುಂಬೂವಾಗಿನ ಸಂಗತಿ ಒಂದ ಹೇಳೂದ ಉಳದೈತಿ. ಅವತ್ತ ನಾ ತುಂಬೂದು ಅಳಸೂದು, ತುಂಬೂದು ಅಳಸೂದು ಮಾಡಾಕತ್ತಿದ್ದೆ. ಅದನ್ನ ನೋಡಿ ನಮ್ಮ ಮನಿಯವರು, "ಒಬ್ಬಾಕಿನ ಯಾಕ ಅಂಜತಿ? ನಂದೂ ಒಂದ ತುಂಬ, ಜೋಡಿ ಹೋಗೂನು," ಅಂದಿದ್ರು. ಅವರೂ ಡಿ.ಎಡ್. ಮಾಡಿದವರ, ಆದ್ರ ಆಮ್ಯಾಲ ಪುಸ್ತಕ ಮುಟ್ಟಿದವರಲ್ಲ. ಪಡದಾಗ ನಾ ಬಳ್ಳಿ ಕಟ್ಟೂವಾಗ ಗೈಡ್ ಹಿಡಕೊಂಡ ನನಗ ಪ್ರಶ್ನಿ ಕೇಳತಿದ್ರು. ಅಷ್ಟ ಅವರ ಅಭ್ಯಾಸ.

ಪರೀಕ್ಷಾ ಚಿಕ್ಕೋಡಿಯಾಗ. ಹಿಂದಿನ ದಿನ ಮೋಡಾ ನೋಡಿ, ರೋಗ ಬಿದ್ದೀತಂತ ಅಂಜಿ ಅವರು ಪಡಕ್ಕ ಮೈಲತುತ್ತ, ಸುಣ್ಣ ಕಲಿಸಿದ ಔಷಧ ಹೊಡದಿದ್ರು. ಎಷ್ಟ ತಿಕ್ಕಿದ್ರೂ ಕೈಯಿಂದ ಆ ನೀಲಿ ಬಣ್ಣ ಹೋಗಿರಲಿಲ್ಲ. ಗೇಟಿನ್ಯಾಗ ತಪಾಸ ಮಾಡಾವ್ರು ಅಂಗೈ ನೋಡಿ ಹಿಡದ ನಿಂದರಿಸಿದ್ರು.

"ಏನ್ರಿ ಇದು? ಉತ್ತರ ಬರಕೊಂಡ ಬಂದ, ನಮ್ಮನ್ನ ನೋಡಿ ಅಳಿಸೀರೇನು?"

"ಇಲ್ರಿ ಸಾಹೇಬ್ರ, ದ್ರಾಕ್ಷಿಗೆ ಔಷಧ ಹೊಡದೇನ್ರಿ."

"ದ್ರಾಕ್ಷಿ? ಕಡ್ಡಿ ಕತ್ತರಿಸಿ ಎಷ್ಟ ದಿನಾತು? ಸುಣ್ಣ ಎಷ್ಟ ಕಲಿಸಿದ್ರಿ?" ಅಂದ್ರು ಅವರು. ಪರೀಕ್ಷಿಸಾಕ ಕೇಳಾಕತ್ತಾರಂತ ನಾ ತಿಳದೆ. ಅವರದೂ ಅಥಣಿ ಕಡೆ ದ್ರಾಕ್ಷಿ ಐತಂತ, ಎಲಿ ಮ್ಯಾಲ ಹಳದಿ ಕಲಿ ಬಿದ್ದಾವಂತ! ಇವರು ಹೇಳಿದ್ರು, ಅವರು ಕೇಳಿದ್ರು. ಹಿಂದ ಸಾಲಿನ್ಯಾಗ ನಿಂತಾವ್ರು ಒದರಾಕತ್ತಿದ್ರು.

ಕಡೀಕ ಗಂಟಿ ಬಾರಿಸಿದ ಮ್ಯಾಲ ಸಾಹೇಬ್ರು ಇವರ ನೀಲಿ ಕೈ ಹಿಡದ ಕುಲುಕಿ, "ಹೋಗ್ರಿ, ನಿಮ್ಮಂಥಾವ್ರು ಮಾಸ್ತರ ಆಗಬೇಕ ನೋಡ್ರಿ," ಅಂದ್ರು. ನನಗ ಮಾತ್ರ, "ಮೇಡಮ್, ಕೈ ತೋರಸ್ರಿ," ಅಂದ್ರು.

೬. ರಿಸಲ್ಟ

ರಿಸಲ್ಟ ಬಂದ ದಿನ ಮಧ್ಯಾಹ್ನ ಎಲ್ಲಾರೂ ಕಟ್ಟಿ ಮ್ಯಾಲ. ಸೈಟ್ ತಿರಗಾಕತ್ತಿತ್ತು, ತಗೀವಲ್ದು. ನನ್ನ ನಂಬರ ಹಾಕಿದ್ರ ಬರೀ ಬಿಳೇ ಪರದೆ. ಅತ್ತಿ ಣಮೋಕಾರ ಮಂತ್ರಾ ಹೇಳಾಕತ್ತಿದ್ರು. ಮಾವ ತಂಬಾಕಿ ತಿನ್ನೂದ ಮರತ ಅಂಗೈಯಾಗ ತಿಕ್ಕೋತ ಕುಂತಿದ್ರು. ನಾ ಮನಸಿನ್ಯಾಗ ನನ್ನ ಮೂರನೇತ್ತೆ ಹುಡುಗರ ಹಾಜರಿ ಕರಕೋತ ಕುಂತಿದ್ದೆ, ಇನ್ನ ಕರೀತೇನೋ ಇಲ್ಲೋ ಅಂತ.

"ತಡಿ, ಸೈಟ್ ನಡೀತೈತೋ ಇಲ್ಲೋ, ನಂದ ಹಾಕಿ ನೋಡತೇನಿ," ಅಂತ ನಮ್ಮ ಮನಿಯವರು ತಮ್ಮ ನಂಬರ ಒತ್ತಿದ್ರು. ಫಟ್ಟನ ತಗೀತು. ನೋಡಿದ್ರು. ಮುಖಾ ಇಟ್ಟ ಹಾಂಗ ಉಳೀತು.

"ಏನಾತೋ?" ಅಂದ್ರು ಅತ್ತಿ.

"ಪಾಸ," ಅಂದ್ರು, ಏನೋ ಕದ್ದ ಸಿಕ್ಕವರಗತೆ.

ಅತ್ತಿ ಎದ್ದ ನಿಂತ್ರು. "ಲೇ! ನಿನಗ ಯಾರ ಪಾಸಾಗಂದಿದ್ರೋ? ಆಕಿ ಅಷ್ಟ ಓದ್ಯಾಳ, ಕೂಸಿನ ಸೈತ ಎತಗೊಳ್ಳದ ಓದ್ಯಾಳ. ಜೋಡಿ ಹೋಗ ಅಂದ್ರ ಪಾಸಾಗಿ ಬಂದೇನು, ನಾಚಿಕಿ ಬರಬೇಕ!"

"ಬೇಕಂತ ಮಾಡಿಲ್ಲವ್ವಾ," ಅಂದ್ರು ಪಾಪ, ಅಳೂದೊಂದ ಬಾಕಿ. "ಆಕಿಗೆ ಪ್ರಶ್ನಿ ಕೇಳಿ ಕೇಳಿ ಹೆಂಗೋ ಬಂದಬಿಟ್ಟೈತಿ. ಇನ್ನೊಮ್ಮೆ ಹಂಗ ಮಾಡೂದಿಲ್ಲ."

"ಪಾಸ" ಅನ್ನೂದ ಎದುರಮನಿಗೆ ಕೇಳಿತ್ತು. ಕಾಕು ಸಕ್ಕರಿ ವಾಟಗಾ ಹಿಡಕೊಂಡ ಓಡಿ ಬಂದ್ಲು. "ಇನ್ನೂ ಏನೂ ಆಗಿಲ್ಲ, ಸಕ್ಕರಿ ಒಯ್ಯ ಒಳಗ!" ಅಂತ ಅತ್ತಿ ಆಕಿಗೂ ಗದ್ದರಿಸಿದ್ರು.

ಸುಳ್ಳ ಯಾಕ ಹೇಳಲಿ, ಗಂಡನ ಮ್ಯಾಲ ಅಷ್ಟ ಸಿಟ್ಟ ನನಗ ಎಂದೂ ಬಂದಿರಲಿಲ್ಲ. ಅವರು ಮತ್ತ ನನ್ನ ನಂಬರ ಒತ್ತಿದ್ರು, ಮತ್ತ ಒತ್ತಿದ್ರು. ತಗೀತು. ಫೋನ್ ನನ್ನ ಮುಖದ ಮುಂದ ಹಿಡದ, "ನೀನ ನೋಡ," ಅಂದ್ರು. ನೋಡಿದೆ. ಪಾಸ! ನಾ ಅಲ್ಲೇ ಕಟ್ಟಿ ಮ್ಯಾಲ ಕುಂತ ಹೋ ಅಂತ ಅತ್ತಬಿಟ್ಟೆ. ಅತ್ತೀನೂ ಅತ್ರು. ಮಾವ ತಂಬಾಕಿ ಝಾಡಿಸಿ, "ಪಡಾ ನಾ ನೋಡಕೋತೇನಿ, ನೀ ಸಾಲಿ ಬಿಡಬ್ಯಾಡವಾ," ಅಂದ್ರು. ನಮ್ಮ ಮನಿಯವರಂತೂ, ಗಲ್ಲಿಗೆ ಹೋಗಾವನ್ನ ಬಿಟ್ಟಂಗ ಉಸರ ಹಾಕಿದ್ರು.

ಮರುದಿನ ಮುಂಜಾನೆ ಬಸದ್ಯಾಗ ಹೆಣ್ಮಕ್ಕಳೆಲ್ಲಾ ಅತ್ತೀನ ಮುತ್ತಿದ್ರು. "ಏನ್ರಿ, ಮಗಾ ಸೊಸಿ ಇಬ್ಬರೂ ಪಾಸಂತ! ದೊಡ್ಡ ಸುದ್ದಿ ಆತಲ್ರಿ!"

ಅತ್ತಿ ಸೆರಗ ಸರಿ ಮಾಡಿಕೊಂಡ್ರು. "ಸೊಸಿ ಓದಿ ಪಾಸಾಗ್ಯಾಳ್ರಿ," ಅಂದ್ರು. "ನಮ್ಮ ಹುಡಗ ಆಕೀನ ಬಿಡಾಕ ಹೋಗಿದ್ದ. ಪಾಪ, ಅಷ್ಟ ದೂರಿಂದ ಬಂದಾನಂತ ಅವನ್ನೂ ಪಾಸ ಮಾಡಿ ಕಳಿಸ್ಯಾರ."